ನೀರಿಗಿಳಿಯುವ ಮುನ್ನ ಮರಳುವ ದಿನ ನೋಡಿ

ಕೆಲವು ತಿಂಗಳ ಹಿಂದೆ ಒಂದು ಸಂಜೆ ಹೊಸದಾಗಿ ಮದುವೆಯಾದ ದಂಪತಿ ನನ್ನ ಚಿಕಿತ್ಸಾಲಯಕ್ಕೆ ಬಂದರು. ಇಬ್ಬರಿಗೂ ಅಂದು ಕಾಯಿಲೆಯೇನೂ ಇರಲಿಲ್ಲ. ಪತಿ ಜೇಬಿನಿಂದ ಮಡಿಸಿದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಇದಕ್ಕೊಂದು ಸಹಿ ಬೇಕಾಗಿತ್ತು, ಅಷ್ಟೇ" ಎಂದರು. ಮಾಲ್ಡೀವ್ಸ್ ದೇಶದ ಒಂದು ದ್ವೀಪದ ರೆಸಾರ್ಟಿಗೆ ಆರು ದಿನಗಳ ಪ್ರವಾಸ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಡೈವಿಂಗ್ ಮಾಡುವ ಆಸೆ. ಅದಕ್ಕಾಗಿ ಒಂದು ಆರೋಗ್ಯ ಪ್ರಶ್ನಾವಳಿ ತುಂಬಿ ಕೊಡಬೇಕು. ಒಂದು ಪ್ರಶ್ನೆಗೆ 'ಹೌದು' ಎಂದು ಬರೆದರೂ ವೈದ್ಯರ ಒಪ್ಪಿಗೆ ಬೇಕಾಗಬಹುದು. ಅವರು ಅಸ್ತಮಾ ಇದೆಯೇ ಎಂಬ ಪ್ರಶ್ನೆಗೆ 'ಹೌದು' ಎಂದು ಗುರುತು ಹಾಕಿದ್ದರು.

"ಎಲ್ಲದಕ್ಕೂ ಇಲ್ಲ ಅಂತ ಬರೆದು ಕೊಟ್ಬಿಡು ಅಂತ ಸ್ನೇಹಿತರು ಹೇಳಿದ್ರು. ಇವಳು ಕೇಳಲಿಲ್ಲ" ಎಂದು ಅವರು ನಕ್ಕರು. "ಚಳಿಗಾಲ ಬಂದ್ರೆ ಇವ್ರಿಗೆ ಉಬ್ಬಸ, ಡಾಕ್ಟ್ರೇ. ಪಂಪ್ ಜೊತೇಲೇ ಇರುತ್ತೆ" ಎಂದರು ಪತ್ನಿ.

ಎರಡನೆಯ ಹಾಳೆಯಲ್ಲಿ ಪ್ರವಾಸದ ವೇಳಾಪಟ್ಟಿ ಇತ್ತು. ಅದನ್ನು ನೋಡಿ ನನಗೆ ಅಸ್ತಮಾಕ್ಕಿಂತ ಹೆಚ್ಚು ಗಾಬರಿಯಾಯಿತು. ಕೊನೆಯ ದಿನ ಬೆಳಿಗ್ಗೆ 8 ಗಂಟೆಗೆ ಡೈವಿಂಗ್, ಮಧ್ಯಾಹ್ನ 12ಕ್ಕೆ ಸೀಪ್ಲೇನ್, ಸಂಜೆ ಬೆಂಗಳೂರಿಗೆ ವಿಮಾನ. ಹಣವೆಲ್ಲ ಕಟ್ಟಿಯಾಗಿತ್ತು. ಹೊರಡಲು ಉಳಿದಿದ್ದುದು ನಾಲ್ಕೇ ದಿನ.

ಇಂಥ ಪ್ರವಾಸಕ್ಕೆ ಹೋಗುವವರು ಈಗ ಹೆಚ್ಚಾಗಿದ್ದಾರೆ. ಟಿಕೆಟ್, ಕೋಣೆ, ಕ್ಯಾಮೆರಾ ಎಲ್ಲದರ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ವೈದ್ಯರ ಬಳಿಗೆ ಮಾತ್ರ ಕೊನೆಯ ವಾರದಲ್ಲಿ, ಸಹಿಗೆಂದು ಬರುತ್ತಾರೆ. ಈ ಕ್ರಮ ತಿರುವುಮುರುವು ಆಗಬೇಕು. ಮೊದಲು ವೈದ್ಯರು, ಆಮೇಲೆ ಮುಂಗಡ ಹಣ. ಪ್ರವಾಸದ ವೇಳಾಪಟ್ಟಿಯನ್ನು ಹೊರಡುವ ದಿನದಿಂದಲ್ಲ, ಮರಳುವ ವಿಮಾನದ ಗಂಟೆಯಿಂದ ಹಿಂದಕ್ಕೆ ಎಣಿಸುತ್ತ ಬರೆಯಬೇಕು. ಹೀಗೇಕೆ ಎಂದು ತಿಳಿಯಲು ನೀರಿನೊಳಗೆ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ಗೋಲಿ ಸೋಡಾದ ಪಾಠ

ನೆಲದ ಮೇಲೆ ನಮ್ಮ ದೇಹದ ಮೇಲಿರುವುದು ಒಂದು ವಾಯುಮಂಡಲದಷ್ಟು ಒತ್ತಡ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಅದು ಎರಡರಷ್ಟಾಗುತ್ತದೆ. 30 ಮೀಟರ್ ಆಳದಲ್ಲಿ ನಾಲ್ಕರಷ್ಟು. ಡೈವಿಂಗ್ ಸಲಕರಣೆ ಆಯಾ ಆಳದ ಒತ್ತಡಕ್ಕೆ ಸರಿಹೊಂದುವಂತೆ ಗಾಳಿಯನ್ನು ಒದಗಿಸುತ್ತದೆ. ಹೀಗಾಗಿ ಆಳದಲ್ಲಿ ಒಂದೊಂದು ಉಸಿರಿನಲ್ಲೂ ನಾವು ನೆಲದ ಮೇಲಿಗಿಂತ ಹೆಚ್ಚು ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತೇವೆ.

ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ. ನೆಲದ ಮೇಲೆ ಅದು ನಮಗೆ ಒಳಿತನ್ನೂ ಮಾಡುವುದಿಲ್ಲ, ಕೆಡುಕನ್ನೂ ಮಾಡುವುದಿಲ್ಲ. ಒತ್ತಡ ಹೆಚ್ಚಿದಾಗ ಮಾತ್ರ ಅದು ರಕ್ತದಲ್ಲೂ ಕೊಬ್ಬಿನಲ್ಲೂ ಇತರ ಅಂಗಾಂಶಗಳಲ್ಲೂ ಕರಗುತ್ತ ಹೋಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಶ್ವಾಸಕೋಶದ ಮೂಲಕ ಹೊರಬೀಳುತ್ತದೆ. ಅವಸರದಲ್ಲಿ ಮೇಲೆ ಬಂದರೆ ಗೋಲಿ ಸೋಡಾದ ಕತೆಯೇ. ಗೋಲಿ ಒತ್ತಿದ ಕ್ಷಣ, ಅಲ್ಲಿಯವರೆಗೆ ಕಣ್ಣಿಗೆ ಕಾಣದಿದ್ದ ಗಾಳಿ ಗುಳ್ಳೆಗುಳ್ಳೆಯಾಗಿ ಉಕ್ಕುತ್ತದಲ್ಲ, ಹಾಗೆ ಸಾರಜನಕವೂ ದೇಹದೊಳಗೆ ಗುಳ್ಳೆಗಟ್ಟುತ್ತದೆ. ಇದನ್ನು ಡಿಕಂಪ್ರೆಷನ್ ಕಾಯಿಲೆ ಎನ್ನುತ್ತಾರೆ. ನಾವು 'ಗುಳ್ಳೆ ಕಾಯಿಲೆ' ಎಂದು ಕರೆಯೋಣ.

ಇದು ಮೊದಲು ಕಂಡದ್ದು ಮುಳುಗುವ ಪ್ರವಾಸಿಗಳಲ್ಲಲ್ಲ, ಒತ್ತಡದ ಗಾಳಿಯಲ್ಲಿ ದುಡಿಯುವ ಕೂಲಿಗಳಲ್ಲಿ. 1870ರ ದಶಕದಲ್ಲಿ ಅಮೆರಿಕದ ಬ್ರೂಕ್ಲಿನ್ ಸೇತುವೆಯ ಅಡಿಪಾಯ ತೋಡಲು ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳಲ್ಲಿ ನದಿಯ ತಳಕ್ಕೆ ಇಳಿಯುತ್ತಿದ್ದವರು ಮೇಲೆ ಬಂದ ಬಳಿಕ ಕೀಲುನೋವಿನಿಂದ ಬಗ್ಗಿ ನಡೆಯುತ್ತಿದ್ದರು. ಆ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರ ಆರೋಗ್ಯವೇ ಇದರಿಂದ ಕುಸಿಯಿತು. ಸಾರಜನಕದ ಗುಳ್ಳೆಗಳೇ ಕಾರಣವೆಂದು 1878ರಲ್ಲಿ ತೋರಿಸಿದವರು ಫ್ರಾನ್ಸಿನ ಪಾಲ್ ಬೇರ್. ಎಷ್ಟು ನಿಧಾನವಾಗಿ, ಎಲ್ಲೆಲ್ಲಿ ನಿಂತು ಮೇಲೆ ಬಂದರೆ ಅಪಾಯವಿಲ್ಲ ಎಂಬ ಲೆಕ್ಕವನ್ನು ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಪ್ರಕಟಿಸಿದರು. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ ಒತ್ತಡದ ಕೋಣೆಯಲ್ಲಿ ಸ್ವತಃ ಕುಳಿತು ತಮ್ಮ ದೇಹದ ಮೇಲೆಯೇ ಪ್ರಯೋಗ ಮಾಡಿಕೊಂಡವರು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪ್ರಜೆಯೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಇಂದು ಡೈವಿಂಗ್ ಮಾಡುವವರ ಕೈಗೆ ಕಟ್ಟುವ ಗಡಿಯಾರದಂಥ ಕಂಪ್ಯೂಟರ್ ಮಾಡುವುದು ಆ ಹಳೆಯ ಲೆಕ್ಕದ ಸುಧಾರಿತ ರೂಪವನ್ನೇ.

ನಿಯಮದಂತೆ ನಿಧಾನವಾಗಿ ಮೇಲೆ ಬಂದರೂ ಸ್ವಲ್ಪ ಸಾರಜನಕ ದೇಹದಲ್ಲಿ ಉಳಿದೇ ಇರುತ್ತದೆ. ಅದು ಹೊರಹೋಗಲು ಗಂಟೆಗಳೇ ಬೇಕು. ದಿನಕ್ಕೆ ಎರಡು ಮೂರು ಸಲದಂತೆ ನಾಲ್ಕಾರು ದಿನ ಇಳಿದರೆ ಹಳೆಯ ಬಾಕಿಯ ಮೇಲೆ ಹೊಸ ಸಾಲ ಸೇರುತ್ತ ಹೋಗುತ್ತದೆ. ಈ ಸ್ಥಿತಿಯಲ್ಲಿ ವಿಮಾನ ಹತ್ತಿದರೆ ಏನಾಗುತ್ತದೆ? ಆಕಾಶದಲ್ಲಿ ವಿಮಾನದ ಒಳಗಿನ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ಸಮುದ್ರತೀರದಲ್ಲಿ ಸುಮ್ಮನಿದ್ದ ಸಾರಜನಕ ಅಲ್ಲಿ ಗುಳ್ಳೆಯಾಗುತ್ತದೆ. ಸೋಡಾ ಬಾಟಲಿಯ ಗೋಲಿಯನ್ನು ನಾವೇ ಎರಡನೆಯ ಸಲ ಒತ್ತಿದಂತೆ.

ಹಿಂದಕ್ಕೆ ಎಣಿಸುವ ಲೆಕ್ಕ

ಡೈವಿಂಗ್ ಮಾಡುವವರ ಸುರಕ್ಷತೆಗಾಗಿ 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ ಇದೆ. 2002ರಲ್ಲಿ ಅದು ತಜ್ಞರನ್ನು ಸೇರಿಸಿ ರೂಪಿಸಿದ ಸಲಹೆ ಹೀಗಿದೆ: ಒಂದೇ ಒಂದು ಸಲ ಇಳಿದಿದ್ದರೆ ವಿಮಾನ ಹತ್ತುವ ಮುನ್ನ ಕನಿಷ್ಠ 12 ಗಂಟೆ ಬಿಡುವು. ಒಂದೇ ದಿನ ಹಲವು ಸಲ ಅಥವಾ ಹಲವು ದಿನ ಇಳಿದಿದ್ದರೆ ಕನಿಷ್ಠ 18 ಗಂಟೆ. ಮೇಲೆ ಬರುವಾಗ ಕಡ್ಡಾಯವಾಗಿ ನಿಂತು ನಿಂತು ಬರಬೇಕಾದಂಥ ಆಳದ ಡೈವಿಂಗ್ ಆಗಿದ್ದರೆ 18 ಗಂಟೆಗಿಂತಲೂ ಸಾಕಷ್ಟು ಹೆಚ್ಚು. ಇವು ಕನಿಷ್ಠ ಮಿತಿಗಳು. ಇದನ್ನು ಪಾಲಿಸಿದರೆ ಅಪಾಯ ಕಡಿಮೆ ಎಂದಷ್ಟೇ ಅರ್ಥ, ಇಲ್ಲವೇ ಇಲ್ಲ ಎಂದಲ್ಲ. ಪೂರ್ತಿ 24 ಗಂಟೆ ಬಿಡಿ ಎಂಬುದು ನನ್ನ ಸಲಹೆ. ನೆನಪಿಡಲೂ ಸುಲಭ.

ಈಗ ಲೆಕ್ಕ ಮಾಡಿ. ನಿಮ್ಮ ವಿಮಾನ ಶುಕ್ರವಾರ ಮಧ್ಯಾಹ್ನ 3 ಗಂಟೆಗೆ ಮಾಲೆಯಿಂದ ಹೊರಡುತ್ತದೆ ಎನ್ನಿ. ಹಾಗಾದರೆ ಗುರುವಾರ ಮಧ್ಯಾಹ್ನ 3ರವರೆಗೆ ನೀರಿನಲ್ಲಿರಬಹುದು ಎಂದು ಎಣಿಸಿದರೆ ತಪ್ಪಾದೀತು. ದ್ವೀಪದಿಂದ ಮಾಲೆಗೆ ಸೀಪ್ಲೇನಿನಲ್ಲಿ ಬರಬೇಕಾದರೆ ಅದೂ ವಿಮಾನವೇ. ಲೆಕ್ಕ ಶುರುವಾಗುವುದು ಅದು ಮೇಲೇರುವ ಗಂಟೆಯಿಂದ. ಅದು ಶುಕ್ರವಾರ ಬೆಳಿಗ್ಗೆ 7ಕ್ಕೆ ಇದ್ದರೆ ಗುರುವಾರ ಬೆಳಿಗ್ಗೆ 7ರೊಳಗೆ ನೀವು ನೀರಿನಿಂದ ಮೇಲೆ ಬಂದಿರಬೇಕು. ಎಂದರೆ ಗುರುವಾರ ಡೈವಿಂಗ್ ಇಲ್ಲ. ಬುಧವಾರದ್ದೇ ಕೊನೆ. ಸ್ಪೀಡ್‌ಬೋಟಿನಲ್ಲಿ ಬರುವ ಹತ್ತಿರದ ದ್ವೀಪವಾದರೆ ಮಧ್ಯಾಹ್ನದ ವಿಮಾನದ ಗಂಟೆಯಿಂದಲೇ ಎಣಿಸಬಹುದು. ಗುರುವಾರ ಬೆಳಗಿನ ಡೈವಿಂಗ್ ಉಳಿಯುತ್ತದೆ. ದ್ವೀಪ ಆರಿಸುವಾಗ ಕೋಣೆಯ ಚಿತ್ರಗಳ ಜೊತೆಗೆ ಇದನ್ನೂ ನೋಡಿ.

ಖಾಲಿ ಬಿಟ್ಟ ದಿನ ವ್ಯರ್ಥವೇನಲ್ಲ. ಕನ್ನಡಕ ಮತ್ತು ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲ್ಮೈಯಲ್ಲಿ ತೇಲುತ್ತ ನೋಡುವ ಸ್ನಾರ್ಕೆಲಿಂಗ್‌ಗೆ ಅಡ್ಡಿಯಿಲ್ಲ. ಮಾಲ್ಡೀವ್ಸ್‌ನಲ್ಲಿ ದಡದ ಹತ್ತಿರದ ಹವಳದ ದಿಬ್ಬದಲ್ಲೇ ಬಣ್ಣದ ಮೀನುಗಳು ಬೇಕಾದಷ್ಟು.

ನೇತ್ರಾಣಿಗೆ ಹೋಗಿಬರುವವರಿಗೂ ಇಲ್ಲೇ ಒಂದು ಮಾತು ಹೇಳಬೇಕು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ಡೈವಿಂಗ್ ಮಾಡಿ, ಅಂದೇ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುವವರು ಬಹಳ. ವಿಮಾನ ಹತ್ತಲಿಲ್ಲವಲ್ಲ ಎಂದು ಧೈರ್ಯ. ಆದರೆ ಮೇಲೆ ಹೇಳಿದ ಸಲಹೆ 2,000 ಅಡಿಯ ಎತ್ತರದಿಂದಲೇ ಅನ್ವಯವಾಗುವಂಥದು. ಬೆಂಗಳೂರು ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ, ಮಡಿಕೇರಿ ಅದಕ್ಕಿಂತ ಮೇಲೆ. ಘಟ್ಟ ಹತ್ತುವುದೂ ಒಂದು ಬಗೆಯ ಹಾರಾಟವೇ. ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಹೊರಟರೆ ಒಳ್ಳೆಯದು.

ಆಸ್ಪತ್ರೆ ಎಷ್ಟು ದೂರ?

ಮಾಲ್ಡೀವ್ಸ್ ಸುಮಾರು 1,200 ಹವಳದ ದ್ವೀಪಗಳ ದೇಶ. ಉತ್ತರದಿಂದ ದಕ್ಷಿಣಕ್ಕೆ 800 ಕಿ.ಮೀ.ಗೂ ಉದ್ದಕ್ಕೆ ಹರಡಿಕೊಂಡಿದೆ. ಬೆಂಗಳೂರಿನಿಂದ ರಾಜಧಾನಿ ಮಾಲೆಗೆ ವಿಮಾನದಲ್ಲಿ ಎರಡು ಗಂಟೆಯ ಆಸುಪಾಸು. ದೂರವೇನೂ ಅಲ್ಲ ಅನ್ನಿಸುತ್ತದೆ. ಆದರೆ ಪ್ರಯಾಣ ಅಲ್ಲಿಗೆ ಮುಗಿಯುವುದಿಲ್ಲ. ಅಲ್ಲಿ 1972ರಲ್ಲಿ ಮೊದಲ ರೆಸಾರ್ಟ್ ಆರಂಭವಾದಾಗಿನಿಂದ ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ದೂರದ ದ್ವೀಪಗಳಿಗೆ ಸೀಪ್ಲೇನೇ ಗತಿ, ಮತ್ತು ಸೀಪ್ಲೇನ್ ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ರಾತ್ರಿ ಎಂಟಕ್ಕೆ ಎದೆನೋವು ಬಂದರೆ ದೋಣಿ ಹತ್ತಬೇಕು, ಇಲ್ಲವೆ ಬೆಳಗಾಗುವುದನ್ನು ಕಾಯಬೇಕು. ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿ ಇದು.

ಮಾಲೆಯಲ್ಲಿ ಭಾರತದ ನೆರವಿನಿಂದ ಕಟ್ಟಿದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ 1995ರಿಂದ ನಡೆಯುತ್ತಿದೆ. ಗುಳ್ಳೆ ಕಾಯಿಲೆಗೆ ಬೇಕಾದದ್ದು ಮಾತ್ರ ಎಲ್ಲ ಆಸ್ಪತ್ರೆಗಳಲ್ಲೂ ಸಿಗುವಂಥದಲ್ಲ. ಅದಕ್ಕೆ ಒತ್ತಡದ ಕೋಣೆ ಬೇಕು. ರೋಗಿಯನ್ನು ಉಕ್ಕಿನ ಕೋಣೆಯೊಳಗೆ ಕೂಡಿಸಿ 18 ಮೀಟರ್ ಆಳದಲ್ಲಿರುವಷ್ಟು ಒತ್ತಡ ಏರಿಸಿ, ಶುದ್ಧ ಆಮ್ಲಜನಕ ಉಸಿರಾಡಿಸುತ್ತ, ಮೆಲ್ಲಮೆಲ್ಲಗೆ ಇಳಿಸುತ್ತಾರೆ. ರೂಢಿಯಲ್ಲಿರುವ ಕ್ರಮದಲ್ಲಿ ಒಂದು ಸಲಕ್ಕೆ ಐದು ಗಂಟೆಯ ಹತ್ತಿರ ಹಿಡಿಯುತ್ತದೆ. ಮಾಲೆಗೆ ಹತ್ತಿರದ ಬಂಡೋಸ್ ದ್ವೀಪದಲ್ಲಿ ಬಹಳ ವರ್ಷಗಳಿಂದ ಇಂಥ ಕೋಣೆ ಇದೆ. ನೀವು ಹೋಗುವ ದ್ವೀಪದಿಂದ ಅಲ್ಲಿಗೆ, ಅಥವಾ ಇನ್ನೂ ಹತ್ತಿರದ ಕೋಣೆಗೆ, ರಾತ್ರಿಯಾದರೆ ಹೇಗೆ ತಲುಪಿಸುತ್ತಾರೆ, ಕೋಣೆ ಈಗ ಕೆಲಸ ಮಾಡುತ್ತಿದೆಯೇ ಎಂದು ರೆಸಾರ್ಟಿಗೆ ಬರೆದು ಕೇಳಿ. ದ್ವೀಪದಲ್ಲೇ ವೈದ್ಯರಿದ್ದಾರೆಯೇ, ಡೈವಿಂಗ್ ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇರುತ್ತದೆಯೇ ಎಂದೂ ಕೇಳಿ. ಒಳ್ಳೆಯ ಸಂಸ್ಥೆಯವರು ಇಂಥ ಪ್ರಶ್ನೆಗೆ ಬೇಸರ ಪಡುವುದಿಲ್ಲ. ಬೇಸರಪಟ್ಟರೆ ಅದೂ ಒಂದು ಉತ್ತರವೇ.

ಖರ್ಚಿನ ಮಾತೂ ಇದೆ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಸ್ಕೂಬಾ ಡೈವಿಂಗನ್ನು ಹೊರಗಿಟ್ಟಿರಬಹುದು, ಇಲ್ಲವೆ ಇಂತಿಷ್ಟು ಆಳದವರೆಗೆ ಮಾತ್ರ ಎಂದಿರಬಹುದು. ಸಣ್ಣ ಅಕ್ಷರಗಳನ್ನು ಓದಿ. ಒತ್ತಡದ ಕೋಣೆಯ ಚಿಕಿತ್ಸೆ ಮತ್ತು ದ್ವೀಪದಿಂದ ರೋಗಿಯನ್ನು ಸಾಗಿಸುವ ವೆಚ್ಚ ಎರಡೂ ಅದರಲ್ಲಿ ಸೇರಿರಬೇಕು.

ಯಾರು ಇಳಿಯಬಾರದು

ಆರೋಗ್ಯ ಪ್ರಶ್ನಾವಳಿಯನ್ನು ಅನೇಕರು ಸರ್ಕಾರಿ ಅರ್ಜಿಯಂತೆ ಕಣ್ಣುಮುಚ್ಚಿ ತುಂಬುತ್ತಾರೆ. ಅದರಲ್ಲಿ ಒಂದೊಂದು ಪ್ರಶ್ನೆಯ ಹಿಂದೆಯೂ ಯಾರದೋ ಅನುಭವವಿದೆ. ರೆಸಾರ್ಟಿನಲ್ಲಿ ಕುಳಿತು ಪ್ರಾಮಾಣಿಕವಾಗಿ 'ಹೌದು' ಎಂದು ಬರೆದರೆ ಅಂದು ನೀರಿಗಿಳಿಸದೆ ಕಳಿಸಬಹುದು. ಹಣ ಹೋಗುತ್ತದೆಂಬ ಭಯಕ್ಕೆ 'ಇಲ್ಲ' ಎಂದು ಬರೆದರೆ ಇನ್ನೂ ದೊಡ್ಡದು ಹೋಗಬಹುದು. ಆದ್ದರಿಂದ ಆ ಹಾಳೆಯನ್ನು ಎರಡು ತಿಂಗಳ ಮೊದಲೇ ತರಿಸಿಕೊಂಡು ಮನೆಯಲ್ಲೇ ತುಂಬಿ.

ಮೂರ್ಛೆರೋಗ ಇರುವವರು ಇಳಿಯಬಾರದು. ನೆಲದ ಮೇಲೆ ಎರಡು ನಿಮಿಷದಲ್ಲಿ ಸರಿಹೋಗುವ ಫಿಟ್ಸ್, ನೀರಿನಲ್ಲಿ ಸಾವು. ಶ್ವಾಸಕೋಶ ತಾನಾಗಿ ಒಡೆದು ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡ ಇತಿಹಾಸವಿದ್ದವರೂ ಇಳಿಯಬಾರದು. ಗರ್ಭಿಣಿಯರಂತೂ ಬೇಡವೇ ಬೇಡ. ಗುಳ್ಳೆಗಳಿಂದ ಮಗುವಿಗೆ ಏನಾಗುತ್ತದೆಂದು ಯಾರೂ ಪರೀಕ್ಷಿಸಿ ನೋಡುವಂತಿಲ್ಲ. ಹೊಸದಾಗಿ ಮದುವೆಯಾದವರು ಹೆಚ್ಚಾಗಿ ಹೋಗುವ ಪ್ರವಾಸವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮುಟ್ಟು ತಡವಾಗಿದ್ದರೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ಮುಟ್ಟಾಗಿರುವುದು ಮಾತ್ರ ಡೈವಿಂಗ್‌ಗೆ ಅಡ್ಡಿಯೇನಲ್ಲ. ಪ್ರವಾಸಕ್ಕೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವ ರೂಢಿ ನಮ್ಮಲ್ಲಿದೆ. ಕೆಲವರಲ್ಲಿ ಅವು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತವೆ. ವೈದ್ಯರನ್ನು ಕೇಳದೆ ಬೇಡ.

ಅಸ್ತಮಾ ಇದ್ದವರಿಗೆ ಹಿಂದೆಲ್ಲ ಖಡಾಖಂಡಿತವಾಗಿ ಬೇಡ ಎನ್ನುತ್ತಿದ್ದರು. ಈಗ ಚೆನ್ನಾಗಿ ಹತೋಟಿಯಲ್ಲಿದ್ದು, ಊದಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆ ವ್ಯಾಯಾಮದ ನಂತರವೂ ಸರಿಯಾಗಿದ್ದರೆ ಕೆಲವರಿಗೆ ಒಪ್ಪಿಗೆ ಕೊಡುತ್ತಾರೆ. ಇಲ್ಲಿ ಭಯ ಉಬ್ಬಸದ್ದಷ್ಟೇ ಅಲ್ಲ. ಆಳದಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗುತ್ತದೆ. 10 ಮೀಟರ್ ಆಳದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು. ಅದು ಬಾಯಿಯಿಂದ ಹೊರಹೋಗಬೇಕು. ಕಿರಿದಾದ ಶ್ವಾಸನಾಳಗಳಲ್ಲಿ ಅದು ಸಿಕ್ಕಿಕೊಂಡರೆ ಶ್ವಾಸಕೋಶ ಹರಿದು ಗಾಳಿ ನೇರವಾಗಿ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಹೋಗಬಹುದು. ಅಸ್ತಮಾ ಇಲ್ಲದವರಿಗೂ ಇದೇ ಕಾರಣಕ್ಕೆ ಡೈವಿಂಗ್‌ನ ಮೊದಲ ಪಾಠ: ಎಂದೂ ಉಸಿರು ಬಿಗಿಹಿಡಿಯಬೇಡಿ. ಎದೆ ತುಂಬ ಗಾಳಿ ಹಿಡಿದುಕೊಂಡು ನಾಲ್ಕೈದು ಅಡಿ ಮೇಲೇರಿದರೂ ಸಾಕು, ಶ್ವಾಸಕೋಶಕ್ಕೆ ಪೆಟ್ಟಾಗಬಹುದು.

ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನೀರಿನಲ್ಲಿ ಸಕ್ಕರೆ ಇಳಿದುಹೋಗುವ ಭಯ. ಕಾಯಿಲೆ ಸ್ಥಿರವಾಗಿದ್ದು ವೈದ್ಯರು ಒಪ್ಪಿದವರೂ, ಇಳಿಯುವ ಮುನ್ನ ಪರೀಕ್ಷಿಸಿದಾಗ 150 ಮಿ.ಗ್ರಾಂಗಿಂತ ಮೇಲಿದ್ದು ಇಳಿಮುಖವಾಗಿರದಿದ್ದರೆ ಮಾತ್ರ ಇಳಿಯಬೇಕು ಎಂಬುದು ತಜ್ಞರ ಸಲಹೆ.

ಹೃದಯದ ವಿಷಯವನ್ನು ನಮ್ಮವರು ಮರೆಯುವುದು ಹೆಚ್ಚು. ಪ್ರಶ್ನಾವಳಿಯಲ್ಲಿ 45 ದಾಟಿದವರಿಗೆ ಪ್ರತ್ಯೇಕ ಪ್ರಶ್ನೆಗಳಿವೆ: ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ. ನೀರಿನಲ್ಲಿ ಕುತ್ತಿಗೆಯವರೆಗೆ ಇಳಿದೊಡನೆ ಕಾಲಿನ ರಕ್ತ ಎದೆಯತ್ತ ತಳ್ಳಲ್ಪಟ್ಟು ಹೃದಯದ ಕೆಲಸ ಹೆಚ್ಚುತ್ತದೆ. ಜೊತೆಗೆ ಪ್ರವಾಹದೆದುರು ಈಜುವ ಶ್ರಮ, ಹೊಸ ಜಾಗದ ಅಂಜಿಕೆ. ವಯಸ್ಸಾದವರ ಡೈವಿಂಗ್ ಸಾವುಗಳಲ್ಲಿ ದೊಡ್ಡ ಪಾಲು ಶಾರ್ಕಿನದಲ್ಲ, ಹೃದಯದ್ದು. ವರ್ಷವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡಿ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವವರು ಮೊದಲು ಮೂರು ತಿಂಗಳು ಬಿರುಸಿನ ನಡಿಗೆ ಮಾಡಿ, ಇಸಿಜಿ ಮತ್ತು ವೈದ್ಯರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ಹೋಗಲಿ.

ಈಜು ಬಾರದಿದ್ದರೂ ಒಂದು ಸಲ ಬೋಧಕರ ಕೈಹಿಡಿದು 12 ಮೀಟರ್‌ವರೆಗೆ ಇಳಿದು ಬರುವ ಪರಿಚಯ ಡೈವಿಂಗ್ ಇದೆ. ಆದರೆ ಸರ್ಟಿಫಿಕೇಟ್ ಪಡೆಯುವ ಶಿಕ್ಷಣಕ್ಕೆ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ಹೊರಡುವ ಎರಡು ಮೂರು ತಿಂಗಳ ಮೊದಲೇ ಊರಿನ ಈಜುಕೊಳಕ್ಕೆ ಸೇರಿಕೊಳ್ಳಿ. ನೀರಿನಲ್ಲಿ ಗಾಬರಿಯಾಗದಿರುವುದೇ ಅರ್ಧ ರಕ್ಷಣೆ.

ಕಿವಿಗೆ ಬಿಸಿ ಎಣ್ಣೆ ಬೇಡ

ಮೊದಲ ಸಲ ಇಳಿಯುವವರನ್ನು ಹೆಚ್ಚಾಗಿ ಕಾಡುವುದು ಕಿವಿ. ನೀರಿನ ಒತ್ತಡ ಕಿವಿತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಗಂಟಲಿನಿಂದ ಮಧ್ಯಕರ್ಣಕ್ಕೆ ಹೋಗುವ ನಾಳ ತೆರೆದು ಒತ್ತಡ ಸಮವಾಗುತ್ತದೆ. ಇದನ್ನು ನೋವು ಬರುವ ಮೊದಲೇ, ಒಂದೊಂದು ಮೀಟರಿಗೂ ಮಾಡಬೇಕು. ನೋವು ಬಂದ ಮೇಲೆ ಜೋರಾಗಿ ಊದಿದರೆ ಒಳಗಿವಿಗೇ ಪೆಟ್ಟಾಗಬಹುದು. ನೆಗಡಿ ಇದ್ದಾಗ ಆ ನಾಳ ಊದಿಕೊಂಡಿರುತ್ತದೆ. ಅಂದು ಇಳಿಯಲೇಬಾರದು. ಮೂಗಿನ ಹನಿ ಹಾಕಿಕೊಂಡು ಇಳಿದರೆ ನೀರಿನಲ್ಲಿದ್ದಾಗಲೇ ಔಷಧಿಯ ಪ್ರಭಾವ ಮುಗಿದು, ಮೇಲೆ ಬರುವಾಗ ಗಾಳಿ ಕಿವಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಿವಿ ಸೋರುವವರು, ಕಿವಿಯ ಶಸ್ತ್ರಚಿಕಿತ್ಸೆ ಆದವರು ಕಿವಿ ವೈದ್ಯರನ್ನು ಕಂಡೇ ಹೋಗಬೇಕು.

ನಮ್ಮ ಮನೆಗಳಲ್ಲಿ ಕಿವಿನೋವೆಂದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಡೈವಿಂಗ್ ನಂತರದ ಕಿವಿನೋವಿಗೆ ಇದನ್ನು ಮಾಡಬೇಡಿ. ತಮಟೆ ಹರಿದಿದ್ದರೆ ಎಣ್ಣೆ ಒಳಗೆ ಹೋಗಿ ಸೋಂಕಾಗುತ್ತದೆ. ಏನನ್ನೂ ಹಾಕದೆ ವೈದ್ಯರಿಗೆ ತೋರಿಸಿ.

ಕೈಚೀಲದಲ್ಲಿ ಏನಿರಬೇಕು

ದ್ವೀಪದಲ್ಲಿ ಮೂಲೆ ಮೂಲೆಗೆ ಔಷಧಿ ಅಂಗಡಿ ಇರುವುದಿಲ್ಲ. ನಿತ್ಯದ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ನಾಲ್ಕೈದು ದಿನ ಹೆಚ್ಚಿಗೆ ಒಯ್ಯಿರಿ. ಸೀಪ್ಲೇನಿನಲ್ಲಿ ದೊಡ್ಡ ಚೀಲಗಳು ಕೆಲವೊಮ್ಮೆ ತಡವಾಗಿ ಬರುತ್ತವಾದ್ದರಿಂದ ಔಷಧಿಗಳು ಕೈಚೀಲದಲ್ಲೇ ಇರಲಿ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಔಷಧಿಯ ಮೂಲ ಹೆಸರಿನೊಂದಿಗೆ ಇರಲಿ. ನಿದ್ದೆಮಾತ್ರೆ, ಟ್ರಮಡಾಲ್ ಅಥವಾ ಕೊಡೀನ್ ಇರುವ ನೋವುನಿವಾರಕ, ಕೆಮ್ಮಿನ ಸಿರಪ್ಪುಗಳ ಬಗ್ಗೆ ಆ ದೇಶದ ನಿಯಮ ಬಿಗಿ. ಅನುಮತಿ ವಿಚಾರಿಸದೆ ಒಯ್ಯಬೇಡಿ. ಓಆರ್‌ಎಸ್ ಪೊಟ್ಟಣ, ಪ್ಯಾರಸಿಟಮಾಲ್, ಗಾಯ ತೊಳೆಯುವ ಆ್ಯಂಟಿಸೆಪ್ಟಿಕ್, ಸೊಳ್ಳೆ ಬರದಂತೆ ಹಚ್ಚುವ ಕ್ರೀಮ್ ಸಾಕು. ಮಾಲ್ಡೀವ್ಸನ್ನು ಮಲೇರಿಯಾ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಮಾಣೀಕರಿಸಿದೆ. ಮಲೇರಿಯಾ ಮಾತ್ರೆ ಬೇಕಿಲ್ಲ. ಡೆಂಗೆ ಇದೆ. ಅದರ ಸೊಳ್ಳೆ ಕಚ್ಚುವುದು ಹಗಲಿನಲ್ಲಿ.

ಘಟ್ಟದ ಬಸ್ಸಿನ ವಾಂತಿಗೆ ನುಂಗುವ ಅವೊಮಿನ್ ಮಾತ್ರೆಯನ್ನು ದೋಣಿಗೂ ಒಯ್ಯುತ್ತಾರೆ. ಪ್ರಯಾಣಕ್ಕೆ ಸರಿ. ಆದರೆ ಅದು ಮಂಪರು ತರಿಸುತ್ತದೆ. ಆಳದಲ್ಲಿ ಸಾರಜನಕವೇ ತುಸು ಅಮಲು ತರಿಸುತ್ತದೆ. ಎರಡೂ ಸೇರುವುದು ಬೇಡ. ಮದ್ಯದ ವಿಷಯದಲ್ಲೂ ಇದೇ ಮಾತು.

ಬರಿಗಾಲಿನಲ್ಲಿ ಹವಳದ ಮೇಲೆ ನಡೆಯಬೇಡಿ. ತರಚಿದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ಒಳಗೆ ಸಿಕ್ಕ ಚೂರುಗಳನ್ನು ತೆಗೆಯಬೇಕು. ಇಲ್ಲದಿದ್ದರೆ ವಾರಗಟ್ಟಲೆ ಮಾಯುವುದಿಲ್ಲ. ಕಲ್ಲುಮೀನು, ಸಿಂಹಮೀನಿನಂಥ ವಿಷದ ಮುಳ್ಳು ಚುಚ್ಚಿದರೆ, ಸಹಿಸಬಲ್ಲಷ್ಟು ಬಿಸಿ ನೀರಿನಲ್ಲಿ (45 ಡಿಗ್ರಿ ಸೆಲ್ಸಿಯಸ್ ಮೀರದಂತೆ) ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ಇಳಿಯುತ್ತದೆ. ಆಮೇಲೆ ವೈದ್ಯರು ನೋಡಬೇಕು. ನೀರಿನಲ್ಲಿದ್ದರೂ ದೇಹ ಒಣಗುತ್ತದೆ. ಡೈವಿಂಗ್ ದಿನ ಮೂತ್ರ ತಿಳಿಯಾಗಿ ಹೋಗುವಷ್ಟು ನೀರು ಕುಡಿಯಿರಿ.

ಈ ಚಿಹ್ನೆಗಳನ್ನು ಕಡೆಗಣಿಸಬೇಡಿ

ಗುಳ್ಳೆ ಕಾಯಿಲೆಯ ಲಕ್ಷಣಗಳು ಮೇಲೆ ಬಂದ ಒಂದು ಗಂಟೆಯೊಳಗೆ ಅರ್ಧದಷ್ಟು ಜನರಲ್ಲಿ, ಆರು ಗಂಟೆಯೊಳಗೆ ಬಹುಪಾಲು ಜನರಲ್ಲಿ ಕಾಣಿಸಿಕೊಳ್ಳುತ್ತವೆ. ಭುಜ, ಮೊಣಕೈಯಂಥ ಕೀಲುಗಳಲ್ಲಿ ಆಳದ ನೋವು, ಚರ್ಮದಲ್ಲಿ ತುರಿಕೆ ಅಥವಾ ನೀಲಿಗೆಂಪು ಮಚ್ಚೆ, ಕಾರಣವಿಲ್ಲದ ಸುಸ್ತು. ಇವು ಸೌಮ್ಯ ಬಗೆಯವು. ಕೈಕಾಲು ಜೋಮು, ಬಲಹೀನತೆ, ತಲೆಸುತ್ತು, ಮೂತ್ರ ಕಟ್ಟುವುದು ಕಂಡರೆ ಗುಳ್ಳೆಗಳು ಬೆನ್ನುಹುರಿಯನ್ನೋ ಒಳಗಿವಿಯನ್ನೋ ಮುಟ್ಟಿವೆ ಎಂದು ತಿಳಿಯಬೇಕು. ತಡಮಾಡಿದರೆ ಶಾಶ್ವತ ಅಂಗಬಲಹೀನತೆ ಉಳಿಯಬಹುದು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. "ಸಿಲಿಂಡರ್ ಎತ್ತಿದ್ದಕ್ಕೆ ಭುಜ ಹಿಡ್ಕೊಂಡಿದೆ" ಎಂದು ನೋವಿನ ಮಾತ್ರೆ ನುಂಗಿ ಮಲಗುತ್ತಾರೆ, ಮರುದಿನ ವಿಮಾನ ಹತ್ತುತ್ತಾರೆ. ಹಾಗೆ ಮಾಡಬೇಡಿ. ಮಲಗಿಸಿ, ಕೂಡಲೇ ಶುದ್ಧ ಆಮ್ಲಜನಕ ಕೊಡಿಸಿ, ಬೋಧಕರಿಗೆ ತಿಳಿಸಿ. ಆಮ್ಲಜನಕದಿಂದ ನೋವು ಮಾಯವಾದರೂ ವೈದ್ಯರ ಪರೀಕ್ಷೆ ತಪ್ಪಿಸಬೇಡಿ. ಊರಿಗೆ ಮರಳಿದ ಒಂದೆರಡು ದಿನದಲ್ಲಿ ಇಂಥದೇನಾದರೂ ಕಂಡರೆ, ವೈದ್ಯರಿಗೆ ಮೊದಲ ಮಾತಾಗಿ "ಇಂಥ ದಿನ ಇಷ್ಟು ಆಳಕ್ಕೆ ಡೈವಿಂಗ್ ಮಾಡಿದ್ದೆ" ಎಂದು ಹೇಳಿ. ಕೇಳದಿದ್ದರೆ ನಮಗೆ ಹೊಳೆಯುವುದಿಲ್ಲ. ಕತ್ತಿನ ಮೂಳೆ ಸವೆತ ಎಂದುಕೊಂಡು ಎಕ್ಸ್‌ರೇ ಬರೆದುಕೊಡುತ್ತೇವೆ.

ಅಂದು ಬಂದಿದ್ದ ದಂಪತಿಯ ವಿಷಯಕ್ಕೆ ಬರುತ್ತೇನೆ. ಮರುದಿನ ಸ್ಪೈರೊಮೆಟ್ರಿ ಮಾಡಿಸಿದೆವು. ಕುಳಿತಿದ್ದಾಗ ಸರಿಯಾಗಿತ್ತು. ಹತ್ತು ನಿಮಿಷ ಮೆಟ್ಟಿಲು ಹತ್ತಿಸಿ ಮತ್ತೆ ನೋಡಿದರೆ ಸಾಕಷ್ಟು ಇಳಿದಿತ್ತು. ನಾನು ಸಹಿ ಹಾಕಲಿಲ್ಲ. ಅವರ ಮುಖ ಸಣ್ಣದಾಯಿತು, ನನಗೂ ಬೇಸರವಾಯಿತು. ಪತ್ನಿಯ ಹಾಳೆಯಲ್ಲಿ ಅಡ್ಡಿಯೇನಿರಲಿಲ್ಲ. ಅವರು ರೆಸಾರ್ಟಿಗೆ ಬರೆದು ಕೊನೆಯ ದಿನದ ಡೈವಿಂಗನ್ನು ಎರಡು ದಿನ ಮುಂಚೆಗೆ ಹಾಕಿಸಿಕೊಂಡರು. ಹಿಂದಿರುಗಿದ ಮೇಲೆ ಇಬ್ಬರೂ ಬಂದಿದ್ದರು. ಪತ್ನಿ 12 ಮೀಟರ್ ಇಳಿದು ಬಂದಿದ್ದರು. ಪತಿ ಮೇಲೆ ತೇಲುತ್ತ ಆಮೆಯೊಂದನ್ನು ಕಂಡಿದ್ದರಂತೆ. ಈಗ ಅವರು ದಿನಾ ತಪ್ಪದೆ ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದಾರೆ. ಆರು ತಿಂಗಳ ಬಳಿಕ ಇನ್ನೊಮ್ಮೆ ಪರೀಕ್ಷೆ ಮಾಡೋಣ ಎಂದಿದ್ದೇನೆ.